ಟ್ರಕ್ಕಿನ ಮೂತಿ ಎತ್ತಿಸುವ ಲಮ್ಯಾಯ್

ನಖೋನ್ ಪಥೋಮ್ ಪಟ್ಟಣದಾಚೆಯ ಲಾರಿ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾಗಿಲಿಗೆ ಬಂದ ಭಿಕ್ಷುಗಳಿಗೆ ಅನ್ನ ನೀಡಿ ಒಳಬಂದ ಲಮ್ಯಾಯ್, ಶೆಡ್ಡಿನಲ್ಲಿ ನಿಂತಿರುವ ನೇರಳೆ ಬಣ್ಣದ ಪಿಕಪ್ ಟ್ರಕ್ಕಿನ ಮುಂಭಾಗಕ್ಕೆ ಎರಡೂ ಅಂಗೈ ಊರುತ್ತಾರೆ. ಮೈಭಾರವನ್ನೆಲ್ಲ ಹಾಕಿ ಒತ್ತಿ, ತಟ್ಟನೆ ಬಿಡುತ್ತಾರೆ. ಟ್ರಕ್ಕಿನ ಮೂತಿ ಮೇಲೆದ್ದು, ಒಂದು ಸಲ ತೂಗಿ, ನಿಲ್ಲುತ್ತದೆ. ಅವರಿಗೆ ಸಮಾಧಾನವಿಲ್ಲ. “ಇನ್ನೂ ಬಿಗಿ. ಬಿಚ್ಚೋದೇ ಸೈ” ಎಂದು ಜಾಕು ಎಳೆದುಕೊಳ್ಳುತ್ತಾರೆ.

ಐವತ್ತೆಂಟರ ಲಮ್ಯಾಯ್ ಈ ಸುತ್ತಿನ ರೇಸಿನವರಿಗೆಲ್ಲ ‘ಪಾ’, ಅಂದರೆ ದೊಡ್ಡಮ್ಮ. ನಾನೂರು ಮೀಟರ್ ನೇರ ರಸ್ತೆಯಲ್ಲಿ ಉಸಿರು ಬಿಗಿಹಿಡಿದು ಓಡುವ ಡೀಸೆಲ್ ಟ್ರಕ್ಕುಗಳಿಗೆ ಮುಂದಿನ ಸ್ಪ್ರಿಂಗ್ ಆರಿಸಿಕೊಡುವುದು ಅವರ ಕೆಲಸ. ಹಸಿರು ದೀಪ ಬಿದ್ದ ಕ್ಷಣ ಟ್ರಕ್ಕಿನ ಮೂತಿ ಮೇಲೇಳಬೇಕು. ಆಗ ಭಾರ ಹಿಂದಕ್ಕೆ ಸರಿದು ಹಿಂದಿನ ಚಕ್ರ ನೆಲ ಕಚ್ಚುತ್ತದೆ.

“ಸ್ಪ್ರಿಂಗ್ ಬಿಗಿಯಿದ್ರೆ ಮೂತಿ ಏಳಲ್ಲ, ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಬರೀ ಹೊಗೆ. ತೀರಾ ಮೆತ್ತಗಿದ್ರೆ ನಿಂತಾಗ್ಲೇ ಕುಸಿದು ಕೂತಿರುತ್ತೆ. ಉದ್ದ ಇರ್ಬೇಕು, ಮೆತ್ತಗಿರ್ಬೇಕು, ಆದ್ರೂ ಇಂಜಿನ್ ಭಾರ ಹೊತ್ತು ನಿಲ್ಬೇಕು. ಒಳ್ಳೆ ಅಳಿಯನ್ನ ಹುಡುಕೋದು ಇದಕ್ಕಿಂತ ಸುಲಭ” ಎಂದು ನಗುತ್ತಾರೆ.

ಗಂಡ ವಿನೈ ಕಬ್ಬಿನ ಲಾರಿಗಳಿಗೆ ಪಟ್ಟಿ ಸ್ಪ್ರಿಂಗ್ ಬಡಿಯುತ್ತಿದ್ದವರು. ಅವರ ಬೆನ್ನು ಕೈಕೊಟ್ಟ ಮೇಲೆ ಸುತ್ತಿಗೆ ಲಮ್ಯಾಯ್ ಕೈಗೆ ಬಂತು. ಮೊದಮೊದಲು ಪಿಕಪ್ ತಂದವರು ಶೆಡ್ಡಿನೊಳಗೆ ಇಣುಕಿ, “ಮಿಸ್ತ್ರಿ ಎಲ್ಲಿ?” ಎಂದು ಕೇಳಿ ಹಿಂದಿರುಗಿದ್ದುಂಟು. ಒಮ್ಮೆ ಅಮುಕಿಟ್ಟ ಸ್ಪ್ರಿಂಗ್ ಹಿಡಿತ ತಪ್ಪಿ ಸಿಡಿದು ಎಡಗೈಯನ್ನು ಗೋಡೆಗೆ ಜಜ್ಜಿತು. ಎರಡು ಬೆರಳು ಈಗಲೂ ಮಡಚುವುದಿಲ್ಲ. ಈಗ ರೇಸಿನ ವಾರ ಬಂತೆಂದರೆ ದಿನಕ್ಕೆ ನಾಲ್ಕೈದು ಟ್ರಕ್ಕು ಬಾಗಿಲಲ್ಲಿ ನಿಲ್ಲುತ್ತವೆ. ಗೆದ್ದವರ ಫೋಟೋದಲ್ಲಿ ಧಣಿ, ಚಾಲಕ, ಇಂಜಿನ್ ಮಿಸ್ತ್ರಿ ಎಲ್ಲ ಇರುತ್ತಾರೆ, ಪಾ ಇರುವುದಿಲ್ಲ. “ನಾನು ಅಷ್ಟೊತ್ತಿಗೆ ಟ್ರಕ್ ಕೆಳಗಿರ್ತೀನಪ್ಪ” ಎನ್ನುತ್ತಾರೆ.

ಸ್ಪ್ರಿಂಗ್ ಆರಿಸುವ ಮುಂಚೆ ನಾಲ್ಕೂ ಚಕ್ರದಡಿ ತೂಕದ ಹಲಗೆ ಇಡುತ್ತಾರೆ. ಮೊದಲು ಖಾಲಿ ಟ್ರಕ್ಕು, ಆಮೇಲೆ ಚಾಲಕನನ್ನು ಕೂರಿಸಿ. ಕಳೆದ ವರ್ಷ ಧಣಿ ಪ್ರಸೋಂಗ್ ಇದೇ ನೇರಳೆ ಟ್ರಕ್ಕು ಕಳಿಸಿದಾಗ ಚಾಲಕ ಕೊಪ್ ಮಾತ್ರ ಒಳಗೆ ಕೂರಲು ಒಪ್ಪಲಿಲ್ಲ. ಕೊಪ್ ಅಂದರೆ ಕಪ್ಪೆ. ಹೆತ್ತವರಿಟ್ಟ ಮುದ್ದಿನ ಹೆಸರು.

“ಹೋದ ಸಲದ್ದೇ ತೂಕ ಹಾಕ್ಕೊಳಿ ಪಾ. ನಾನೇನು ಬದಲಾಗಿದ್ದೀನಾ?”

“ಕಪ್ಪೆ ತೂಗೋದು ಕಷ್ಟ ಅಂತ ನಂಗೂ ಗೊತ್ತು. ಸುಮ್ನೆ ಹತ್ತು.”

ಹತ್ತಿದ. ಖಾಲಿ ಟ್ರಕ್ಕಿನ ತೂಕ ಹಳೆಯದೇ. ಆದರೆ ಕೊಪ್ ಕೂತ ಮೇಲೆ ಹದಿನಾಲ್ಕು ಕಿಲೋ ಕಡಿಮೆ ಬಂತು. ಹಲಗೆ ಕೆಟ್ಟಿದೆಯೇನೋ ಎಂದು ಲಮ್ಯಾಯ್ ತಾವೇ ನಿಂತು ನೋಡಿದರು. ಕೆಟ್ಟಿರಲಿಲ್ಲ. ಕಿಟಕಿಯಲ್ಲಿ ಬಗ್ಗಿ ನೋಡಿದಾಗ, ಅವನ ಕೈಯಲ್ಲಿದ್ದ ಐಸ್ ಕಾಫಿ ತುಂಬಿದ ಪ್ಲಾಸ್ಟಿಕ್ ಚೀಲ ನಡುಗುತ್ತಿತ್ತು.

“ಏನೋ ಇದು? ಊಟ ಮಾಡ್ತಿಲ್ವಾ?”

“ತಿಂತೀನಿ ಪಾ, ಎರಡಾಳು ತಿನ್ನೋಷ್ಟು ತಿಂತೀನಿ. ಆದ್ರೂ ಇಳೀತಿದೆ. ಕೂತಲ್ಲೇ ಎದೆ ಡವಡವ ಅನ್ನುತ್ತೆ.” ಆಮೇಲೆ ದನಿ ತಗ್ಗಿಸಿದ: “ಧಣಿಗೆ ಹೇಳ್ಬೇಡಿ. ಒಂದು ಸಲ ಬೇರೆಯವನು ಈ ಸೀಟಲ್ಲಿ ಕೂತ್ರೆ, ಮುಗೀತು ನನ್ ಕಥೆ.”

“ಹೇಳಲ್ಲ. ಆದ್ರೆ ಡಾಕ್ಟರ್ ಹತ್ರ ಹೋಗೋ ತನಕ ಸ್ಪ್ರಿಂಗೂ ಹಾಕಲ್ಲ.”

ಕೊಪ್ ರೇಗಿದ. ಬಾಯಿಗೆ ಬಂದಂತೆ ಬೈದು, ಕಾಫಿ ಚೀಲವನ್ನು ನೆಲಕ್ಕೆ ಅಪ್ಪಳಿಸಿ ಹೊರಟುಹೋದ.

ಮರುದಿನ ಧಣಿ ಬಂದು ನೋಡಿದರೆ ಟ್ರಕ್ಕು ಜಾಕಿನ ಮೇಲಿದೆ, ಹಳೆ ಸ್ಪ್ರಿಂಗ್ ಬಿಚ್ಚಿದ ಜಾಗ ಬೋಳು. ಏಕೆಂದು ಕೇಳಿದ್ದಕ್ಕೆ ಲಮ್ಯಾಯ್, “ಸರಿಯಾದ ಜೋಡಿ ಸಿಕ್ಕಿಲ್ಲ” ಎಂದಷ್ಟೇ ಅಂದರು. ಗೋಡೆಯುದ್ದಕ್ಕೂ ಸ್ಪ್ರಿಂಗುಗಳು ತೂಗುತ್ತಿದ್ದವು. ಪ್ರಸೋಂಗ್ ಅವುಗಳತ್ತ ಕೈ ತೋರಿಸಿ ಕೂಗಾಡಿದರು. ಆ ರೇಸು ತಪ್ಪಿತು. ಟ್ರಕ್ಕು ಬೇರೆ ಶೆಡ್ಡಿಗೆ ಹೋಯಿತು. ‘ಪಾಗೆ ವಯಸ್ಸಾಯ್ತು, ಕೈ ಹೋಯ್ತು’ ಎಂಬ ಮಾತು ಹಬ್ಬಿ, ಆ ಋತುವಿನಲ್ಲಿ ಇನ್ನೂ ಕೆಲವರು ಇತ್ತ ತಲೆ ಹಾಕಲಿಲ್ಲ. ವಿನೈ ಕೂಡ ಮಂಚದಲ್ಲಿ ಮಲಗಿದ್ದಲ್ಲಿಂದಲೇ ಗೊಣಗಿದರು: “ನಿಜ ಹೇಳಿ ಬಿಡ್ಬಾರ್ದಾ? ಯಾರಿಗೋಸ್ಕರ ಈ ಮಾನ ಕಳ್ಕೊಳ್ಳೋದು?” ಲಮ್ಯಾಯ್ ಕೊಟ್ಟ ಉತ್ತರ, “ಅವನ ಕಾಯಿಲೆ ಅವನದು. ಅದನ್ನ ಹೇಳೋಕೆ ನಾನ್ಯಾರು?”

ಬೈದು ಹೋದ ಕೊಪ್, ಮುಂದಿನ ವಾರ ಮೆಟ್ಟಿಲು ಹತ್ತುವಾಗ ಕಾಲು ಸೋತು ಕುಸಿದು ಕೂತ. ಆಗ ಪಾ ಮಾತು ನೆನಪಾಗಿ ಆಸ್ಪತ್ರೆಗೆ ಹೋದ. ಥೈರಾಯ್ಡ್ ಗ್ರಂಥಿ ಮಿತಿ ಮೀರಿ ಕೆಲಸ ಮಾಡುತ್ತಿತ್ತು. ಈ ಸ್ಥಿತಿಯಲ್ಲಿ ರೇಸಿಗೆ ಇಳಿದಿದ್ದರೆ ಹೃದಯವೇ ಕೈಕೊಡಬಹುದಿತ್ತು ಎಂದರು ಡಾಕ್ಟರು. ತಿಂಗಳುಗಟ್ಟಲೆ ಮಾತ್ರೆ ನುಂಗಿದ. ಅಂಜಿದ್ದಂತೆಯೇ ಆ ಸೀಟಿನಲ್ಲಿ ಬೇರೆಯವನು ಕೂತ. ಮೈ ಸುಧಾರಿಸಿದ ಮೇಲೆ ತಾನೇ ಹೋಗಿ ಧಣಿಗೆ ಎಲ್ಲ ಹೇಳಿದ. ಪ್ರಸೋಂಗ್ ಟ್ರಕ್ಕಿನ ಕೀಲಿ ಅವನ ಕೈಗಿಟ್ಟು, “ಮೊದಲು ಪಾ ಹತ್ರ ತಗೊಂಡು ಹೋಗು” ಎಂದರು.

ಹೀಗೆ ನೇರಳೆ ಟ್ರಕ್ಕು ಮತ್ತೆ ಇಲ್ಲಿದೆ. ಬಿಸಿಲೇರುವ ಹೊತ್ತಿಗೆ ಕೊಪ್ ಅಂಟಕ್ಕಿಯ ಅನ್ನ, ಸುಟ್ಟ ಹಂದಿಮಾಂಸದ ಪೊಟ್ಟಣ ಹಿಡಿದು ಬರುತ್ತಾನೆ. ಎರಡೂ ಕೈ ಜೋಡಿಸಿ, ಪಾ ಎದುರು ತಲೆ ತಗ್ಗಿಸಿ ನಿಲ್ಲುತ್ತಾನೆ.

“ಆವತ್ತು ಬೈದಿದ್ದು...”

“ಬೈದಿದ್ರಲ್ಲಿ ಅರ್ಧ ನಂಗೆ ಕೇಳಿಸ್ಲೇ ಇಲ್ಲ. ಹತ್ತೋ ಮಾರಾಯ, ಬಿಸಿಲು ಏರ್ತಿದೆ.”

ಆರಿಸಿಟ್ಟ ಹೊಸ ಜೋಡಿ ಸ್ಪ್ರಿಂಗ್ ಕೂರಿಸಿ, ಟ್ರಕ್ಕನ್ನು ತೂಕದ ಹಲಗೆಗಳ ಮೇಲಿಳಿಸಿ, ಲಮ್ಯಾಯ್ ಅಂಕಿ ನೋಡುತ್ತಾರೆ. ಚಾಲಕ ಕೂತ ಬಲಬದಿ ಈ ಸಲ ಭಾರಕ್ಕೆ ಕೊಂಚ ಕೆಳಗಿಳಿದಿದೆ. ಮತ್ತೆ ಟ್ರಕ್ಕಿನಡಿ ನುಸುಳಿ, ಸ್ಪ್ರಿಂಗ್ ಕೂರುವ ಬಳೆಯನ್ನು ಎರಡು ಸುತ್ತು ಮೇಲಕ್ಕೆ ತಿರುಗಿಸುತ್ತಾರೆ. ಹೊರಬಂದಾಗ ಕೆನ್ನೆಯ ಮೇಲೆ ಗ್ರೀಸು.

“ಎಷ್ಟೋ ಟ್ರಕ್ಕಿಗೆ ಈ ಬಳೆ ತಿರುಗಿಸಿದ್ದೀನಿ” ಎನ್ನುತ್ತಾರೆ, ಕೈ ಒರೆಸಿಕೊಳ್ಳುತ್ತ. “ಇವನು ದಪ್ಪ ಆಗಿದಾನೆ ಅಂತ ತಿರುಗಿಸಿದ್ನಲ್ಲ, ಅಷ್ಟು ಖುಷಿ ಯಾವತ್ತೂ ಆಗಿರ್ಲಿಲ್ಲ.”