ಅಣ್ಣನ ಅಂಗಿ ತೊಟ್ಟು ನಡೆದದ್ದು

ನಮ್ಮಣ್ಣ ಒಂದು ದಿನವೂ ಮಗಳ ಕೈ ಹಿಡಿದು ನಡೆದವನಲ್ಲ. ಅವನಿಗೆ ನಡೆಯುವುದೆಂದರೇ ಆಗದು. ಹಿತ್ತಿಲಿಗೆ ಹೋಗಲಿಕ್ಕೂ ಮೊಪೆಡ್ ಬೇಕು ಎಂದು ನಾವು ರೇಗಿಸುತ್ತಿದ್ದೆವು. ಮಗಳನ್ನು ಮುಂದೆ ನಿಲ್ಲಿಸಿಕೊಂಡು, ಹಾರ್ನ್ ಒತ್ತುವ ಕೆಲಸ ಅವಳಿಗೆ ಕೊಟ್ಟು, ನಮ್ಮೂರು ಹೊಸಬಾಳೆಯಿಂದ ಸೊರಬದ ಪೇಟೆಯವರೆಗೂ ಗದ್ದಲ ಮಾಡಿಕೊಂಡು ಹೋಗುತ್ತಿದ್ದ. ಎದುರಿಗೆ ಎಮ್ಮೆ ಬಂದರೂ ಹಾರ್ನ್, ಬರದಿದ್ದರೂ ಹಾರ್ನ್. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ, ಹಾಡು ಕೇಳಿದರೆ ನಿದ್ದೆ. ಅವಳಿಗೆ ನಾಲ್ಕು ತುಂಬಿದ ವರ್ಷ, ಮೆಕ್ಕೆಜೋಳ ಒಕ್ಕುವ ಮೆಷಿನ್ ಪಕ್ಕದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಮಗಳು ಮಾತ್ರ ಹಾಡಿದಳು. ಯಾರ ಕಡೆಯಿಂದ ಬಂತೋ ಆ ಕಂಠ, ನಮ್ಮ ವಂಶದಲ್ಲಂತೂ ಯಾರಿಗೂ ಇರಲಿಲ್ಲ. ಹತ್ತನೆಯ ವಯಸ್ಸಿಗೆ ವಚನ ಹಾಡಿ ಟೀವಿಯ ಮಕ್ಕಳ ಸ್ಪರ್ಧೆಗೆ ಆಯ್ಕೆಯಾದಳು. ಅತ್ತಿಗೆ ಅವಳ ಜೊತೆ ಬೆಂಗಳೂರಿಗೆ ಹೋದರು. ಎರಡು ವಾರ ಕಳೆದ ಮೇಲೆ ಚಾನೆಲ್‌ನವರು ಶಿಕಾರಿಪುರಕ್ಕೆ, ನನ್ನ ಪಂಪ್‌ಸೆಟ್ ರಿಪೇರಿ ಅಂಗಡಿಯ ಹಿಂದೆಯೇ ಇರುವ ಮನೆಗೆ ಬಂದರು. ಹುಡುಗಿಯ ಬದುಕಿನ ಮೇಲೆ ಸಣ್ಣದೊಂದು ಚಿತ್ರ ಮಾಡಿ, ಅವಳಿಗೆ ಮೊದಲೇ ಹೇಳದೆ ವೇದಿಕೆಯ ಮೇಲೆ ತೋರಿಸುತ್ತಾರಂತೆ. ಅದರಲ್ಲಿ ಅಪ್ಪ ಬೇಕಂತೆ.

“ಗೋಡೆ ಮೇಲೆ ಫೋಟೋ ಐತಲ್ರೀ,” ಎಂದೆ.

“ಫೋಟೋ ಅಲುಗಾಡಲ್ಲ ಸಾರ್,” ಎಂದ ಡೈರೆಕ್ಟರ್. ಇಪ್ಪತ್ತೈದು ದಾಟದ, ನಯವಾದ ಮಾತಿನವನು. ನನ್ನ ಹೆಗಲು ಹಿಡಿದು ಗೋಡೆಯ ಕಡೆ ತಿರುಗಿಸಿ ನನ್ನ ಹೆಂಡತಿಯನ್ನು ಕೇಳಿದ, “ಹಿಂದಿನಿಂದ ಅಣ್ಣನ ಥರ ಕಾಣ್ತಾರಾ ಮೇಡಂ?”

“ಕುತ್ತಿಗೆ, ಹೆಗಲು ಎಲ್ಲಾ ಥೇಟ್ ಭಾವೋರವೇ,” ಎಂದಳು ಅವಳು.

ಅಣ್ಣನದೊಂದು ಅಂಗಿ ಬೇಕಿತ್ತು. ಅತ್ತಿಗೆಗೆ ಫೋನ್ ಮಾಡಿದೆ. “ಹೊಸಬಾಳೆ ಮನೆ ಪೆಟ್ಟಿಗೆ ತಳದಾಗೆ ನೀಲಿ ಗೆರೆಯದ್ದು ಐತೆ. ಅದೊಂದೇ ಉಳಿಸ್ಕಂಡಿರೋದು. ಬಿಗಿ ಆದ್ರೆ ಹೊಲಿಗೆ ಬಿಚ್ಚಿಸಬ್ಯಾಡ್ರಿ,” ಎಂದರು. ಅಂಗಿ ಬಿಗಿಯೇ ಆಯಿತು. ಗುಂಡಿ ಹಾಕಲು ಬರಲಿಲ್ಲ. ಮುಂದುಗಡೆ ಯಾರಿಗೂ ಕಾಣುವುದಿಲ್ಲವಾದ್ದರಿಂದ ಹಾಗೇ ಬಿಟ್ಟರು. ಅಣ್ಣನ ನಾಲ್ಕು ವರ್ಷದ ಮಗಳ ಜಾಗಕ್ಕೆ ನನ್ನ ಮಗಳನ್ನೇ ಒಪ್ಪಿಸಿದೆವು. ಅವಳಿಗೆ ಐದು, ಆದರೆ ಸಣ್ಣ ಆಳು.

ಚಿತ್ರ ತೆಗೆದದ್ದು ಬಂದಳಿಕೆಯಲ್ಲಿ, ಪಾಳುಬಿದ್ದ ಹಳೆಯ ಕಲ್ಲುಗುಡಿಗಳ ಊರಿನಲ್ಲಿ. ಅಣ್ಣ ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದಾನೆ, ಗುಡಿಗಳ ಕಡೆ ಕತ್ತು ತಿರುಗಿಸಿದವನಲ್ಲ. ಒಳಗೆ ಹೋಗಲು ಪರವಾನಗಿ ಬೇಕೆಂದು, ಹೊರಗಿನ ಹೊಲದ ದಾರಿಯಲ್ಲಿ, ದೂರಕ್ಕೆ ಕಲ್ಲುಕಂಬಗಳು ಕಾಣುವಂತೆ ನಮ್ಮನ್ನು ನಿಲ್ಲಿಸಿದರು. ಕ್ಯಾಮೆರಾವನ್ನು ನೆಲಕ್ಕೆ ಹತ್ತಿದ ಹಾಗೆ ಇಟ್ಟರು. ಕೆಳಗಿನಿಂದ ನೋಡಿದರೆ ಅಪ್ಪ ಎತ್ತರ ಕಾಣುತ್ತಾನಂತೆ. ಇಳಿಬಿಸಿಲು ಎದುರಿಗೆ ಬರಬೇಕು. ಆಗ ತಲೆಗೂದಲ ಅಂಚು ಹೊಳೆಯುತ್ತದೆ, ಮೈ ಕಪ್ಪಾಗುತ್ತದೆ, ಯಾರೆಂದು ತಿಳಿಯುವುದಿಲ್ಲ. ಫೋಕಸ್ ನನ್ನ ಮೇಲಲ್ಲ, ನನ್ನ ಬೆರಳು ಹಿಡಿದ ಪುಟ್ಟ ಕೈಯ ಮೇಲೆ. “ಈಗ ಮುಖ ತಿರುಗಿಸೋಕೆ ಶುರು ಮಾಡಿ ಸಾರ್. ಪೂರ್ತಿ ಬೇಡ, ಅಲ್ಲೇ ಕಟ್ ಮಾಡ್ತೀನಿ,” ಎಂದ. ಆರು ಸಲ ನಡೆದೆವು.

ಮೋಟಾರ್ ಬಿಚ್ಚಿ ಒಳಗೆ ಏನಿದೆ ಎಂದು ನೋಡುವುದೇ ಕಸುಬಾದ ನನಗೆ ಅವರ ಕೆಲಸ ಬಹಳ ಹಿಡಿಸಿತು. ಅವತ್ತು ಅಣ್ಣನ ನೆನಪಾಗಿ ಸಂಕಟಪಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಖುಷಿಯಾಗಿದ್ದೆ. ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಟೀವಿಯಲ್ಲಿ ಬಂದಾಗ ಆ ನಡಿಗೆ ನೀರೊಳಗೆ ನಡೆದ ಹಾಗೆ ನಿಧಾನವಾಗಿತ್ತು. ಹಿಂದೆ ಕೊಳಲು. ನಾನು ಮುಖ ತಿರುಗಿಸತೊಡಗಿದ ಕಡೆ ನನ್ನ ಕೆನ್ನೆ ಕರಗಿ, ಅದೇ ಜಾಗದಲ್ಲಿ ಫೋಟೋದೊಳಗಿನ ಅಣ್ಣನ ಮುಖ ಮೂಡಿತು. ಮದುವೆಯ ದಿನದ್ದು, ನಗುತ್ತಿದ್ದಾನೆ. ಬೆನ್ನು ನನ್ನದು, ಮುಖ ಅವನದು, ನಡುವೆ ಬೆಸೆದದ್ದು ಎಲ್ಲೂ ಕಾಣಲಿಲ್ಲ. ಮೂಲೆಯಲ್ಲಿ ‘ಸಾಂದರ್ಭಿಕ ಚಿತ್ರಣ’ ಎಂದು ಓದಲಾಗದಷ್ಟು ಸಣ್ಣ ಅಕ್ಷರ. ವೇದಿಕೆಯ ಮೇಲೆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಕ್ಯಾಮೆರಾ ಅವಳ ಕಣ್ಣಿನ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಹೋಯಿತು. ಅಂಗಿ ತೊಟ್ಟು ನಡೆದ ನಾನೂ ಮನೆಯಲ್ಲಿ ಕೂತು ಅತ್ತೆ.

ಮುಂದಿನ ವಾರವೇ ಅವಳು ಸ್ಪರ್ಧೆಯಿಂದ ಹೊರಗೆ ಬಿದ್ದಳು. ಜನ ಮರೆತರು. ಅವಳು ಮರೆಯಲಿಲ್ಲ. ಆ ತುಣುಕು ಅತ್ತಿಗೆಯ ಫೋನಿನಲ್ಲಿತ್ತು, ದಿನಕ್ಕೊಮ್ಮೆಯಾದರೂ ನೋಡುವಳಂತೆ. ಹೋದ ವರ್ಷ ಶಾಲೆಯಲ್ಲಿ ಅಪ್ಪನ ಬಗ್ಗೆ ಬರೆದ ಪ್ರಬಂಧವನ್ನು ನನಗೆ ಓದಿ ಹೇಳಿದಳು. ಬಂದಳಿಕೆ, ಸಂಜೆಯ ಬಿಸಿಲು, ತಾನು ಅಪ್ಪನ ಬೆರಳು ಹಿಡಿದದ್ದು, ಅಪ್ಪ ತಿರುಗಿ ನಕ್ಕದ್ದು. ನಾನು ನಕ್ಕುಬಿಟ್ಟೆ. ಮೊಪೆಡ್ಡಿನ ಕಥೆ ಹೇಳಿದೆ, ಹಾರ್ನ್ ಹೇಳಿದೆ, ಅವನು ಎಮ್ಮೆಗಳನ್ನು ಬೈಯುತ್ತಿದ್ದದ್ದನ್ನೂ ಹೇಳಿದೆ. ಪಕ್ಕದ ಮನೆಯವರ ಸುದ್ದಿ ಕೇಳುವಂತೆ ಕೇಳಿದಳು.

“ಅಪ್ಪ ಜೋರು ಮಾತಾಡ್ತಿರ್ಲಿಲ್ಲ ಚಿಕ್ಕಪ್ಪ. ನಿಧಾನ ನಡೀತಿದ್ರು. ನಂಗೆ ನೆನಪೈತೆ.”

ನಿಧಾನ ಮಾಡಿದ್ದು ಎಡಿಟಿಂಗ್ ಮಾಡಿದವನು. ನಾನು ಅದನ್ನು ಅವಳಿಗೆ ಹೇಳಲಿಲ್ಲ, ಅತ್ತಿಗೆಯ ಹತ್ತಿರ ಹೇಳಿದೆ. ಅತ್ತಿಗೆ ಸೊಪ್ಪು ಬಿಡಿಸುತ್ತಿದ್ದರು. “ನಂಗೂ ಗೊತ್ತು ಕಣ್ರೀ. ಅವಳ ಹತ್ರ ಅವರಪ್ಪಂದು ಅಂತ ಇರೋದೇ ಅಷ್ಟು. ಅದನ್ನೂ ಕಿತ್ಗಬೇಕಾ ನಾನು?” ಎಂದರು. ನನಗೆ ನಮ್ಮಣ್ಣನ ಗತಿ ಕಂಡು ಮರುಕವಾಯಿತು. ಅಷ್ಟು ಸದ್ದು ಮಾಡಿ ಬದುಕಿದವನು, ಹೆತ್ತ ಮಗಳ ತಲೆಯಲ್ಲಿ ಸದ್ದಿಲ್ಲದೆ ಹೋಗಿಬಿಟ್ಟಿದ್ದ.

ಈ ಬೇಸಿಗೆ ರಜೆಗೆ ಅವಳು ನಮ್ಮ ಮನೆಗೆ ಬಂದಿದ್ದಳು. ಅವಳಿಗೀಗ ಹದಿಮೂರು, ನನ್ನ ಮಗಳಿಗೆ ಎಂಟು. ಇಬ್ಬರೂ ಅಂಗಡಿಯ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಆ ತುಣುಕು ನೋಡುತ್ತಿದ್ದರು.

“ಅಕ್ಕಾ, ಇದು ನಾನು. ಇದು ನಮ್ಮಪ್ಪ,” ಎಂದಳು ನನ್ನ ಮಗಳು.

“ಸುಮ್ನಿರೇ. ಆವಾಗ ನೀನು ಹುಟ್ಟೇ ಇರ್ಲಿಲ್ಲ.”

ಮಾತಿಗೆ ಮಾತು ಬೆಳೆದು ಇಬ್ಬರೂ ಒಳಗೆ ಬಂದರು. ನಾನು ಮೋಟಾರಿನ ತಂತಿ ಸುತ್ತುತ್ತಿದ್ದೆ. ದೊಡ್ಡವಳ ಮುಖ ಬಿಳಿಚಿತ್ತು. “ನೀನೇ ಹೇಳು ಚಿಕ್ಕಪ್ಪ,” ಎಂದಳು. ಅವಳಿಗೆ ಗೊತ್ತಿದೆ ಎಂದು ನನಗೆ ಆಗಲೇ ಅನ್ನಿಸಿತು. ಗೊತ್ತಿದ್ದೂ, ಅದು ನನ್ನ ಬಾಯಿಂದ ಬರದಿರಲಿ ಎಂದು ಕಾಯುತ್ತಿದ್ದಳು.

“ಅದು ನಿಮ್ಮಪ್ಪನೇ,” ಎಂದೆ.

ನನ್ನ ಮಗಳು ಬಿಡಲಿಲ್ಲ. “ಸುಳ್ಳು. ಅವತ್ತು ನನ್ನ ಕಾಲಿಗೆ ಮುಳ್ಳು ಚುಚ್ಚಿತ್ತು. ನೀನೇ ಕಿತ್ತೆ. ಆಮೇಲೆ ಹೆಗಲ ಮೇಲೆ ಹೊತ್ಕಂಡು ಬಂದೆ.”

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

“ಕನಸು ಕಂಡಿರ್ಬೇಕು ಮಗಾ. ನಾನೂ ನೀನೂ ಅಲ್ಲಿಗೆ ಹೋಗೇ ಇಲ್ಲ,” ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ನೆಲದ ಮೇಲೆ ಕೂತು, ಅಂಗಾಲು ಮೇಲಕ್ಕೆ ತಿರುಗಿಸಿ, ಬೆರಳಾಡಿಸುತ್ತಾ ಆ ಮುಳ್ಳಿನ ಗುರುತು ಹುಡುಕತೊಡಗಿದಳು.