ಬೂದು ಬಳೆ ಇಲ್ಲದ ಬಾಗಿಲು

ಪಿಂಗ್‌ತುಂಗ್ ಊರಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಜಜ್ಜಿಹೋದ ಕಾರುಗಳಿಗೆ ತಗ್ಗು ತುಂಬುವ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣಕ್ಕೆ ಮುಂಚಿನ ಬೂದು ಪ್ರೈಮರ್ ಹೊಡೆಯುವ ಕೆಲಸವನ್ನು ಪಾನ್ ಯುಯೆಶಾ ಮೂವತ್ತನಾಲ್ಕು ವರ್ಷ ಮಾಡಿದಳು. ಬಣ್ಣ ಹೊಡೆದವನ ಹೆಸರು ಎಲ್ಲರ ಬಾಯಲ್ಲಿ. ಬಣ್ಣದ ಕೆಳಗೆ ಬೆನ್ನು ಮುರಿದುಕೊಂಡವಳನ್ನು ಕೇಳುವವರಿಲ್ಲ. ಲೋಕದ ನ್ಯಾಯವೇ ಇಷ್ಟು. ಉಜ್ಜಿ ಮುಗಿದ ಮೇಲೆ ಅವಳು ನೂಲಿನ ಕೈಗವಸು ತೊಟ್ಟು, ಕಣ್ಣು ಮುಚ್ಚಿ, ತಗಡಿನ ಮೇಲೆ ಅಂಗೈ ಆಡಿಸುತ್ತಿದ್ದಳು. ಕಣ್ಣಿಗೆ ಕಾಣದ ಉಬ್ಬುತಗ್ಗೂ ಆ ಕೈಗೆ ಸಿಗುತ್ತಿತ್ತು. ಅರವತ್ತೊಂದನೆಯ ವಯಸ್ಸಿನಲ್ಲಿ ಅವಳ ಆಸ್ತಿ ಎಂದರೆ ಆ ಕೈಗಿದ್ದ ಹೆಸರೊಂದೇ.

ಅದಕ್ಕೆ ಮಸಿ ಬಳಿದವನು ಗ್ಯಾರೇಜಿನ ಯಜಮಾನ ಕುನ್‌ಮು. ಅವಳು ಅವನಪ್ಪನ ಬಳಿ ಕೆಲಸಕ್ಕೆ ಸೇರಿದಾಗ ಮೂಗು ಸೋರಿಸಿಕೊಂಡು ಓಡಾಡುತ್ತಿದ್ದವನು.

ಹೊಸ ವರ್ಷದ ಹಬ್ಬಕ್ಕೆ ಮೂರು ದಿನವಿತ್ತು. ಟ್ಯಾಕ್ಸಿ ಓಡಿಸುವ ಲಿಯಾವ್‌ನ ಹಳದಿ ಕಾರಿನ ಬಾಗಿಲಿಗೆ ಹಾಕಿದ ಪುಟ್ಟಿಯನ್ನು ಯುಯೆಶಾ ನೀರು ಹಾಕಿ ಉಜ್ಜಿ ಮುಗಿಸಿದಳು. "ಪುಟ್ಟಿ ನೀರು ಕುಡಿದಿದೆ, ಎರಡು ದಿನ ಒಣಗ್ಲಿ. ಆಮೇಲೆ ನಾನೇ ಬಂದು ಪ್ರೈಮರ್ ಹೊಡೀತೀನಿ" ಎಂದು ಕುನ್‌ಮುಗೆ ಹೇಳಿ ತಂಗಿಯ ಮನೆಗೆ ಹೋದಳು. ಬರುವಷ್ಟರಲ್ಲಿ ಕಾರು ಮಿರಮಿರ ಮಿಂಚುತ್ತ ಹೊರಟುಹೋಗಿತ್ತು.

"ಪ್ರೈಮರ್ ನಾನೇ ಹೊಡ್ದೆ ಅಕ್ಕ" ಎಂದ ಕುನ್‌ಮು. ಅವಳು ನಂಬಿದಳು.

ತಿಂಗಳು ತುಂಬುವುದರೊಳಗೆ ಬಾಗಿಲ ತುಂಬ ಗುಳ್ಳೆ. ಲಿಯಾವ್ ಬಂದು ಬೀದಿಯಲ್ಲೇ ಕೂಗಾಡಿದ. ಓಣಿಗೆ ಓಣಿಯೇ ಹೊರಗೆ ಬಂತು. ಆಗ ಕುನ್‌ಮು ಎಲ್ಲರಿಗೂ ಕೇಳುವಂತೆ, "ಏನ್ ಮಾಡ್ಲಿ? ನಮ್ಮಕ್ಕನ ಕೈ ಸೋತಿದೆ. ವಯಸ್ಸಾಯ್ತು, ಮನೆಗೆ ಕಳಿಸೋಕೆ ಮನಸ್ಸು ಬರಲ್ಲ" ಎಂದ.

ಮರುಕದ ಮುಖ ಬೇರೆ! ಎದುರಿನ ನೂಡಲ್ಸ್ ಅಂಗಡಿಯ ಮೈಝು ಯುಯೆಶಾಳ ಬೆನ್ನು ಸವರಿ, "ಇನ್ನು ಸಾಕು ಬಿಡಕ್ಕ, ಆರಾಮಾಗಿರು" ಎಂದಾಗ ಅವಳು ಆ ಕೈಯನ್ನು ತಳ್ಳಿಹಾಕಿದಳು.

ಮರುದಿನ ಬೆಳಗ್ಗೆ ಗ್ಯಾರೇಜಿನೊಳಗೆ ಲಿಯಾವ್, ಕುನ್‌ಮು ಇಬ್ಬರ ಎದುರಲ್ಲೇ ಯುಯೆಶಾ ಆ ಬಾಗಿಲ ಒಂದು ಗುಳ್ಳೆ ಚುಚ್ಚಿದಳು, ನೀರು ಜಿನುಗಿತು. ಮರದ ತುಂಡಿಗೆ ಎಮರಿ ಕಾಗದ ಸುತ್ತಿ ಆ ಜಾಗವನ್ನು ಉಜ್ಜಿದಳು. ಹಾಗೆ ಉಜ್ಜಿದರೆ ಪದರಗಳು ಬಳೆಯೊಳಗೆ ಬಳೆಯಾಗಿ ತೆರೆದುಕೊಳ್ಳುತ್ತವೆ: ಹೊರಗೆ ಬಣ್ಣ, ಅದರೊಳಗೆ ಬೂದು ಪ್ರೈಮರ್, ಆಮೇಲೆ ಪುಟ್ಟಿ, ನಟ್ಟನಡುವೆ ತಗಡು.

"ಬಾ ಲಿಯಾವ್, ನೋಡು. ಹಳದಿ ಇದೆ, ಪುಟ್ಟಿ ಇದೆ. ಬೂದು ಬಳೆ ಎಲ್ಲಿ?"

ಲಿಯಾವ್ ಬಗ್ಗಿ ನೋಡಿದ. "ಇಲ್ವಲ್ಲ!"

"ಹೊಡೆದಿದ್ರೆ ತಾನೇ ಇರೋದು? ಹಸಿ ಪುಟ್ಟಿ ಮೇಲೇ ಬಣ್ಣ ಬಳಿದಿದಾನೆ, ಮಹಾನುಭಾವ."

"ನೀವೇ ಹಬ್ಬಕ್ಕೆ ಬೇಕು ಅಂತ ಅವಸರ ಮಾಡಿದ್ರಲ್ಲ ಲಿಯಾವ್..." ಎಂದು ಕುನ್‌ಮು ರಾಗ ಎಳೆದ.

"ಅವಸರ ಮಾಡ್ದೆ. ತಪ್ಪನ್ನ ಮುದುಕಿ ತಲೆ ಮೇಲೆ ಹಾಕು ಅಂತ ನಾನಂದ್ನಾ?"

ಸಂಜೆ ಕುನ್‌ಮು ಮೂಲಂಗಿ ಕಡುಬಿನ ಡಬ್ಬಿ ಹಿಡಿದು ಅವಳ ಮನೆಗೆ ಹಿತ್ತಿಲ ಬಾಗಿಲಿಂದ ಬಂದ. "ಮರೆತ್ಬಿಡಿ ಅಕ್ಕ. ನಾಳೆ ಕೆಲಸಕ್ಕೆ ಬನ್ನಿ."

"ಮಾನ ತೆಗೆದಿದ್ದು ಬೀದೀಲಿ, ತಪ್ಪಾಯ್ತು ಅನ್ನೋದು ಹಿತ್ತಿಲಲ್ಲಾ? ಅಡಿಕೆ ಹಂಚು."

ತಪ್ಪು ಮಾಡಿದವನು ಎಲೆ ಸುತ್ತಿದ ಹಸಿ ಅಡಿಕೆಯನ್ನು ಓಣಿಯ ಮನೆಮನೆಗೆ ಕೊಟ್ಟು ತಪ್ಪೊಪ್ಪಿಕೊಳ್ಳಬೇಕು. ಅದು ಹಿರಿಯರ ಕಟ್ಟಳೆ. ಕುನ್‌ಮು ನಕ್ಕ. "ಈ ಕಾಲದಲ್ಲಿ ಯಾರಕ್ಕ ಅದೆಲ್ಲ ಮಾಡ್ತಾರೆ?"

"ಹಾಗಾದ್ರೆ ಈ ಕಾಲದ ಕೈನೇ ಹುಡುಕ್ಕೋ ಹೋಗು." ಡಬ್ಬಿಯನ್ನೂ ಹಿಂದಕ್ಕೆ ಕೊಟ್ಟಳು.

ಎಂಟು ದಿನ ಅವಳು ಮನೆಯಲ್ಲೇ ಕೂತಳು. ಕುನ್‌ಮು ತಂದ ಹೊಸಬ ಉಜ್ಜಿದ ಬಾಗಿಲುಗಳು ಬಿಸಿಲಿಗೆ ನಿಲ್ಲಿಸಿದರೆ ಅಲೆಅಲೆಯಾಗಿ ಕಾಣುತ್ತಿದ್ದವು. ಗಿರಾಕಿಗಳು ಬೈದು ಹೋದರು. ಒಂಬತ್ತನೆಯ ದಿನ ಕುನ್‌ಮು ಅಡಿಕೆಯ ಚೀಲ ಹಿಡಿದು ಓಣಿಗಿಳಿದ. ಹಿಂದೆಯೇ ಯುಯೆಶಾ ನಡೆದಳು.

ಮೈಝುಳ ಅಂಗಡಿಯ ಮುಂದೆ ಅವನು ನೆಲ ನೋಡುತ್ತ ಏನೋ ಗೊಣಗಿದ.

"ಏನಂದೆ? ಕೇಳಿಸ್ಲಿಲ್ಲ" ಎಂದಳು ಮೈಝು.

"ನನಗೂ ಕೇಳಿಸ್ಲಿಲ್ಲ" ಎಂದಳು ಯುಯೆಶಾ. "ನನ್ನ ಕೈ ಸೋತಿದೆ ಅಂದಾಗ ನಿನ್ನ ಗಂಟಲು ಚೆನ್ನಾಗೇ ಇತ್ತಲ್ಲ?"

ಕುನ್‌ಮು ಕತ್ತೆತ್ತಿದ. ಕಿವಿ ಕೆಂಪಾಗಿತ್ತು. "ತಪ್ಪು ನಂದು. ಅಕ್ಕನ ಕೈಯಲ್ಲಿ ಯಾವ ತಪ್ಪೂ ಇರ್ಲಿಲ್ಲ" ಎಂದು ಓಣಿಯ ತುದಿಯವರೆಗೂ ಕೇಳುವಂತೆ ಹೇಳಿದ.

"ಹೂಂ" ಎಂದಳು ಯುಯೆಶಾ. "ಇನ್ನೂ ಹನ್ನೊಂದು ಮನೆ ಇದೆ, ನಡಿ."