ನೆತ್ತಿ ಖಾಲಿಯಿದ್ದ ಕಾರ್ಡು

ಎಂಬತ್ತರ ದಶಕದ ಮೊದಲಲ್ಲಿ, ನಂಜನಗೂಡಿನಿಂದ ತಿರುಮಕೂಡಲಿಗೆ ಸೊಸೆಯಾಗಿ ಹೋದಾಗ, ನನ್ನ ಟ್ರಂಕಿನಲ್ಲಿ ಒಂದು ಇಂಗ್ಲಿಷ್ ಕಾದಂಬರಿಯಿತ್ತು. ಅಂಚೆ ಶಿಕ್ಷಣದಲ್ಲಿ ಎಂ.ಎ. ಕಟ್ಟಿದ್ದೆ. ಕೊನೆಯದೊಂದು ಪೇಪರ್ ಬಾಕಿಯಿತ್ತು, ಅದಕ್ಕೆ ಈ ಪುಸ್ತಕ. ಮದುವೆಗೆ ಮುಂಚೆ ಮಾವನವರು, "ಓದಲಿ ಬಿಡಿ, ನಾನೇ ಮೇಷ್ಟ್ರು, ಬೇಡ ಅಂತೀನಾ?" ಎಂದಿದ್ದರು. ಮದುವೆಯಾದ ಮೇಲೆ, "ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ" ಎಂದರು. ಗಂಡನನ್ನು ಕೇಳಿದರೆ "ಅಪ್ಪನ್ನ ಕೇಳು" ಎಂದು ಓದುತ್ತಿದ್ದ ಪತ್ರಿಕೆ ಮಡಿಸಿ ಎದ್ದು ಹೋಗುತ್ತಿದ್ದರು. ಮುಂದಿನ ವರ್ಷವಂತೆ! ಅಷ್ಟರಲ್ಲಿ ಕಂಕುಳಲ್ಲಿ ಕೂಸಿರುತ್ತೆ ಅಂತ ನನಗೆ ಗೊತ್ತಿರಲಿಲ್ಲವೇ?

ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಟ್ಟ ಹತ್ತಿ ಓದುತ್ತಿದ್ದೆ. ರಕ್ತ ಕುಡಿದು ಬದುಕುವ ಒಬ್ಬ ದೊರೆ. ಅವನ ಕೋಟೆಗೆ ಕೆಲಸದ ಮೇಲೆ ಬಂದ ಹುಡುಗ. ದೊರೆ ಬಾಗಿಲಲ್ಲಿ ನಿಂತು, ನೀನಾಗಿಯೇ ಒಳಗೆ ಬಾ ಎನ್ನುತ್ತಾನೆ, ಕೈ ಹಿಡಿದು ಎಳೆಯುವುದಿಲ್ಲ. ನಾನೂ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ನನ್ನ ಬಲಗಾಲಲ್ಲೇ ಒದ್ದು ಬಂದವಳು, ಯಾರನ್ನು ದೂರಲಿ? ಆ ದೊರೆಗೆ ಬೆಳ್ಳುಳ್ಳಿ ಕಂಡರೆ ಆಗದು. ನಮ್ಮತ್ತೆಗೂ ಆಗದು. ಆ ಮನೆಯೊಳಗೆ ಬೆಳ್ಳುಳ್ಳಿ ಬಂದದ್ದೇ ಇಲ್ಲ, ದೊರೆಗೆ ಬಲು ಅನುಕೂಲವಾಗುತ್ತಿತ್ತು ಅನ್ನಿ.

ಕಥೆಯೆಲ್ಲ ದಿನಚರಿ, ಕಾಗದಗಳಲ್ಲೇ ಸಾಗುತ್ತದೆ. ಒಂದು ಕಡೆ ದೊರೆ ಆ ಹುಡುಗನ ಕೈಯಲ್ಲಿ ಊರಿಗೆ ಕಾಗದ ಬರೆಸುತ್ತಾನೆ, ಎಲ್ಲ ಸರಿಯಾಗಿದೆ, ಹೊರಟೆ, ಬರುತ್ತಿದ್ದೇನೆ ಅಂತ. ಅಲ್ಲಿಗೆ ಬಂದಾಗ ಪುಸ್ತಕ ಮಡಿಸಿಟ್ಟೆ. ಪ್ರತಿ ಸೋಮವಾರ ಮಾವನವರು ಆರಾಮಕುರ್ಚಿಯಲ್ಲಿ ಕೂತು, "ಬರ್ಕೋಮ್ಮ, ನಾನು ಇಲ್ಲಿ ಕ್ಷೇಮ, ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದು ನಮ್ಮಪ್ಪನಿಗೆ ಕಾರ್ಡು ಬರೆಸುತ್ತಿದ್ದರು. ಬರೆದದ್ದನ್ನು ಓದಿಸಿ, ಹಿಂಬದಿಯ ವಿಳಾಸವಷ್ಟೇ ನೋಡಿ, ತಾವೇ ಡಬ್ಬಿಗೆ ಹಾಕಿ ಬರುತ್ತಿದ್ದರು. ಪರೀಕ್ಷೆಯ ಮಾತು ಒಂದು ಅಕ್ಷರವೂ ಆಚೆ ಹೋಗುವಂತಿರಲಿಲ್ಲ.

ಪರೀಕ್ಷೆಗೆ ಒಂದು ವಾರವಿತ್ತು. ಆ ಸೋಮವಾರ ಅವರು ಹೇಳಿದ್ದನ್ನೆಲ್ಲ ಬರೆದೆ. ಮೇಲೆ 'ಶ್ರೀ' ಮಾತ್ರ ಬರೆಯಲಿಲ್ಲ. ಗಟ್ಟಿಯಾಗಿ ಓದುವಾಗ ಶ್ರೀಯನ್ನು ಯಾರು ಓದುತ್ತಾರೆ? ನಮ್ಮವರಲ್ಲಿ ಶ್ರೀ ಇಲ್ಲದ ಕಾಗದ ಎಂದರೆ ಸಾವಿನ ಕಾಗದ. ಅದನ್ನು ಮನೆಯೊಳಗೆ ತರುವುದಿಲ್ಲ. ಅಲ್ಲೇ ಹರಿದು ಹಾಕಿ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಅಪ್ಪ ಏನೋ ಎಡವಟ್ಟಾಗಿದೆ ಎಂದು ಬರಲಿ ಎಂದಷ್ಟೇ ಅಂದುಕೊಂಡಿದ್ದೆ. ಎಂಥ ಪಾಪಿ ನಾನು!

ಗುರುವಾರ ಅಪ್ಪ ಬಂದರು. ಬರಿಗಾಲು, ಅರ್ಧ ಒಣಗಿದ ಪಂಚೆ. ಹೊಸ್ತಿಲಾಚೆ ನಿಂತು ಅಳಿಯನನ್ನು ನೋಡಿದರು, ಅತ್ತೆ ಮಾವನನ್ನು ನೋಡಿದರು, ನನ್ನನ್ನು ನೋಡಿ ಗೋಡೆ ಹಿಡಿದುಕೊಂಡರು.

"ಕಾಗದದಲ್ಲಿ ಶ್ರೀ ಇರ್ಲಿಲ್ಲ..." ಎಂದರು.

ಮಾವನವರು ಕೆರಳಿದರು. "ನಾನೇ ಕೂತು ಬರೆಸಿದ ಕಾಗದ ಕಣ್ರೀ! ಎಲ್ಲಿ, ತೋರಿಸಿ."

"ಹರಿದುಹಾಕ್ಬಿಟ್ಟೆ."

ಅಪ್ಪ ಮತ್ತೆ ನನ್ನ ಕಡೆ ನೋಡಿದರು. ನಾನು ತಲೆ ಎತ್ತಲಿಲ್ಲ. ಅವರಿಗೆ ಅರ್ಥವಾಯಿತು.

"ನಂದೇ ತಪ್ಪು. ಕಣ್ಣು ಮಂಜಾಗಿದೆ, ಸರಿಯಾಗಿ ಕಾಣಿಸ್ಲಿಲ್ಲ. ಇವಳಮ್ಮ ಅನ್ನ ನೀರು ಬಿಟ್ಟು ಕೂತಿದ್ದಾಳೆ, ಕಣ್ಣಾರೆ ಮಗಳನ್ನ ನೋಡದೆ ತುತ್ತೆತ್ತಲ್ಲ. ಒಂದು ವಾರ ಕಳಿಸಿಕೊಡಿ" ಎಂದು ಕೈ ಮುಗಿದರು. ತಪ್ಪೇ ಮಾಡದ ಅಪ್ಪ ಕೈ ಮುಗಿದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಮಾವನವರು ಬೇಡ ಎನ್ನಲಾಗದೆ ಒಪ್ಪಿದರು.

ಬಸ್ಸಿನಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು, "ಪರೀಕ್ಷೆ ಯಾವತ್ತು?"

"ಸೋಮವಾರ."

"ಸರಿ, ಮೈಸೂರಿಗೆ ನಾನೇ ಕರ್ಕೊಂಡು ಹೋಗ್ತೀನಿ."

ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅಮ್ಮ ಓಡಿ ಬಂದು ಮೊದಲು ನನ್ನ ತಾಳಿ ಮುಟ್ಟಿ ನೋಡಿದಳು, ಆಮೇಲೆ ಕೆನ್ನೆಗೆ ಒಂದು ಬಿಟ್ಟಳು. "ಕ್ಷೇಮ, ಚೆನ್ನಾಗಿದ್ದೀನಿ ಅಂತ ನೀನೇ ಬರೆದು, ಮೇಲೆ ಶ್ರೀ ಬಿಡ್ತಾರೇನೇ, ಮುಂಡೇದೆ? ಯಾವುದನ್ನ ನಂಬ್ಲಿ ನಾನು?"

"ಚೆನ್ನಾಗಿದ್ದೀನಿ ಅಂತ ಬರೆಸಿದ್ದು ಮಾವನೋರು, ಅಮ್ಮ," ಎಂದೆ. "ನಾನಾಗಿ ಹೇಳಿದ್ದು ಆ ಖಾಲಿ ಜಾಗ ಒಂದೇ."